ನೆಲದ ಚಿತ್ರ ಯಾರ ಕೈಯಲ್ಲಿ? – ಸಣ್ಣ ಉಪಗ್ರಹಗಳ ಒಂದು ಇತಿಹಾಸ

ನಮ್ಮ ಜಿಲ್ಲೆಯ ಮಕ್ಕಳಲ್ಲಿ ನಂದಿ ಬೆಟ್ಟವನ್ನು ಒಮ್ಮೆಯೂ ಹತ್ತದವರು ಕಡಿಮೆ. ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ಆ ಬೆಟ್ಟದ ಅಂಚಿನಲ್ಲಿ ನಿಂತು ನೋಡಿದರೆ ಕೆರೆಗಳು ಕನ್ನಡಿ ಚೂರುಗಳಂತೆ, ದ್ರಾಕ್ಷಿ ತೋಟಗಳು ಚಾಪೆ ಹಾಸಿದಂತೆ ಕಾಣುತ್ತವೆ. ಒಮ್ಮೆ ಶಾಲಾ ಪ್ರವಾಸದಲ್ಲಿ ಅಲ್ಲಿ ನಿಂತಿದ್ದಾಗ ಹುಡುಗನೊಬ್ಬ ನನ್ನನ್ನು ಕೇಳಿದ: "ಸರ್, ಇನ್ನೂ ಮೇಲಕ್ಕೆ ಹೋದರೆ ನಮ್ಮ ಮನೆಯೂ ಕಾಣುತ್ತದೆಯೇ? ಆ ಚಿತ್ರ ನಮಗೆ ಕೊಡುತ್ತಾರೆಯೇ?"

ಮೊದಲ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು, ಕಾಣುತ್ತದೆ ಎಂದೆ. ಎರಡನೆಯದಕ್ಕೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಓದುತ್ತಾ ಹೋದಂತೆ ಒಂದು ಮಾತು ಸ್ಪಷ್ಟವಾಯಿತು. ಭೂಮಿಯನ್ನು ಮೇಲಿನಿಂದ ನೋಡಿದ ಇತಿಹಾಸವು ಕ್ಯಾಮೆರಾ ಮತ್ತು ರಾಕೆಟ್ಟುಗಳ ಇತಿಹಾಸ ಮಾತ್ರವಲ್ಲ. ಯಾರು ಹಣ ಕೊಟ್ಟರು, ಯಾರಿಗೆ ನೋಡಲು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದರ ಇತಿಹಾಸವೂ ಹೌದು. ಆ ಇತಿಹಾಸವನ್ನು ನಮ್ಮ ಓದುಗರ ಮುಂದೆ, ವಿಶೇಷವಾಗಿ ವಿದ್ಯಾರ್ಥಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಸರಪಳಿಯಿಂದ ಉಪಗ್ರಹಕ್ಕೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಮೈಸೂರು ಸೀಮೆಯ ಭೂಮಾಪನ. ಕಾಲಿನ್ ಮೆಕೆಂಝಿ ಆ ಸರ್ವೆಯ ಮುಖ್ಯಸ್ಥನಾಗಿದ್ದ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿದು ತಳರೇಖೆಯೊಂದನ್ನು ಅಳೆದ. ಅವನೇ ಮುಂದೆ ಇಡೀ ಭಾರತವನ್ನು ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೆಯನ್ನು ಆರಂಭಿಸಿದವನು. ಸೈನ್ಯ ನಡೆಸಲು ಮತ್ತು ಕಂದಾಯ ವಸೂಲು ಮಾಡಲು ಆ ನಕ್ಷೆಗಳು ಬೇಕಾಗಿದ್ದವು. ನಕ್ಷೆಯಲ್ಲಿ ತನ್ನ ಊರು ಇದ್ದರೂ ಆ ಊರಿನ ರೈತ ಅದನ್ನು ನೋಡಿದವನಲ್ಲ.

ಮುಂದೆ ವಿಮಾನದಿಂದ ಚಿತ್ರ ತೆಗೆಯುವ ಕಾಲ ಬಂತು. ನಮ್ಮ ದೇಶದಲ್ಲಿ ದೂರಸಂವೇದಿಗೆ ನಾಂದಿ ಹಾಡಿದ್ದು ಒಂದು ಬೆಳೆ ರೋಗ ಎಂಬುದು ಗಮನಿಸಬೇಕಾದ ಸಂಗತಿ. 1970ರ ಸುಮಾರಿಗೆ ಪ್ರೊ. ಪಿ. ಆರ್. ಪಿಷಾರಟಿ ಮತ್ತು ಸಂಗಡಿಗರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ, ಅವಕೆಂಪು ಕಿರಣಗಳನ್ನು ಗ್ರಹಿಸುವ ಫಿಲ್ಮಿನಲ್ಲಿ ಚಿತ್ರ ತೆಗೆದರು. ಬೇರು ರೋಗ ತಗುಲಿದ ಮರಗಳು ಆ ಚಿತ್ರದಲ್ಲಿ ಬೇರೆಯಾಗಿ ಕಂಡವು.

1972ರ ಜುಲೈ 23ರಂದು ಅಮೆರಿಕ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದರ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಸುಮಾರು 80 ಮೀಟರ್ ಉದ್ದ, 80 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದೂವರೆ ಎಕರೆಗೂ ಹೆಚ್ಚು ನೆಲ. ಆ ಚುಕ್ಕೆಯೊಳಗೆ ಏನಿದೆಯೆಂದು ಬಿಡಿಸಿ ನೋಡಲು ಬಾರದು. ಚುಕ್ಕೆ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ ಎಂಬುದನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ನಮ್ಮ ನೆರೆಯಲ್ಲೇ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅದರ ನೇತೃತ್ವ ವಹಿಸಿದ್ದರು. 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಕಕ್ಷೆ ಸೇರಿತು. 1979ರಲ್ಲಿ ಭಾಸ್ಕರ-1 ಹೋಯಿತು. ಅದರ ಕ್ಯಾಮೆರಾಗೆ ಒಂದು ಚುಕ್ಕೆ ಎಂದರೆ ಒಂದು ಕಿಲೋಮೀಟರ್. ಒಂದು ಸಣ್ಣ ಹಳ್ಳಿ, ಅದರ ಸುತ್ತಲ ಹೊಲ ಎಲ್ಲವೂ ಸೇರಿ ಒಂದೇ ಚುಕ್ಕೆ!

1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಐಆರ್‌ಎಸ್-1ಎ ನಮ್ಮ ಮೊದಲ ಪೂರ್ಣ ಪ್ರಮಾಣದ ದೂರಸಂವೇದಿ ಉಪಗ್ರಹ. 975 ಕಿಲೋ ತೂಕದ ಅದರ ಉತ್ತಮ ಕ್ಯಾಮೆರಾದ ಚುಕ್ಕೆ 36.25 ಮೀಟರ್, ಅಂದರೆ 13 ಗುಂಟೆ ನೆಲ. 1995ರ ಡಿಸೆಂಬರ್ 28ರಂದು ಹೋದ ಐಆರ್‌ಎಸ್-1ಸಿಯ ಚುಕ್ಕೆ 5.8 ಮೀಟರಿಗೆ, ಎಂದರೆ ಗುಂಟೆಯ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಆ ಕಾಲದ ನಾಗರಿಕ ಉಪಗ್ರಹಗಳಲ್ಲಿ ಇಷ್ಟು ಸೂಕ್ಷ್ಮವಾಗಿ ನೋಡಬಲ್ಲದ್ದು ಬೇರೊಂದಿರಲಿಲ್ಲ.

ಚಿತ್ರಕ್ಕೆ ಬೆಲೆ ಬಂದ ಬಗೆ

ಅಲ್ಲಿಯವರೆಗೆ ಉಪಗ್ರಹ ಎಂದರೆ ಸರ್ಕಾರದ ಸೊತ್ತು. 1984ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ ಲ್ಯಾಂಡ್‌ಸ್ಯಾಟ್ ಚಿತ್ರಗಳ ಮಾರಾಟವನ್ನು ಖಾಸಗಿ ಕಂಪನಿಗೆ ವಹಿಸಿತು. ಒಂದು ಚಿತ್ರದ ಬೆಲೆ ಸುಮಾರು 4,000 ಡಾಲರಿಗೆ ಏರಿತು. ವಿಶ್ವವಿದ್ಯಾಲಯಗಳು, ಬಡ ದೇಶಗಳ ಸಂಶೋಧಕರು ಕೊಳ್ಳಲಾರದೆ ಕೈಬಿಟ್ಟರು. ಇತ್ತ 1986ರ ಫೆಬ್ರವರಿಯಲ್ಲಿ ಫ್ರಾನ್ಸಿನ ಸ್ಪಾಟ್-1 ಬಂದು 10 ಮೀಟರ್ ಚುಕ್ಕೆಯ ಚಿತ್ರಗಳನ್ನು ಯಾರು ಕೇಳಿದರೂ ಹಣಕ್ಕೆ ಕೊಡತೊಡಗಿತು. ಅದೇ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದಾಗ ಸೋವಿಯತ್ ಸರ್ಕಾರ ಮೊದಲು ಹೇಳಿದ್ದು ತೀರ ಕಡಿಮೆ. ಆದರೆ ಪತ್ರಿಕೆಗಳು ಲ್ಯಾಂಡ್‌ಸ್ಯಾಟ್ ಮತ್ತು ಸ್ಪಾಟ್ ಚಿತ್ರಗಳನ್ನು ಕೊಂಡು ಜಗತ್ತಿಗೆ ತೋರಿಸಿದವು. ಮಾರಾಟಕ್ಕಿರುವ ಚಿತ್ರವು ಸರ್ಕಾರದ ಮೌನವನ್ನೂ ಮುರಿಯಬಲ್ಲದು ಎಂದು ಅಂದು ತಿಳಿಯಿತು.

ಭಾರತವೂ ಈ ಮಾರುಕಟ್ಟೆಗೆ ಇಳಿಯಿತು. 1992ರಲ್ಲಿ ಇಸ್ರೋದ ವಾಣಿಜ್ಯ ಅಂಗವಾಗಿ ಬೆಂಗಳೂರಿನಲ್ಲಿ ಆಂಟ್ರಿಕ್ಸ್ ಸ್ಥಾಪನೆಯಾಯಿತು. ನಮ್ಮ ಐಆರ್‌ಎಸ್ ಉಪಗ್ರಹಗಳ ಚಿತ್ರಗಳನ್ನು ಅಮೆರಿಕದ ಕಂಪನಿಯೇ ಒಪ್ಪಂದ ಮಾಡಿಕೊಂಡು ಹೊರದೇಶಗಳಲ್ಲಿ ಮಾರಿತು.

1999ರ ಸೆಪ್ಟೆಂಬರ್ 24ರಂದು ಖಾಸಗಿ ಕಂಪನಿಯೊಂದರ ಇಕೊನೋಸ್ ಉಪಗ್ರಹ ಕಕ್ಷೆ ಸೇರಿದಾಗ ಚುಕ್ಕೆ ಸುಮಾರು ಒಂದು ಮೀಟರಿಗೆ ಇಳಿಯಿತು. ರಸ್ತೆಯ ಮೇಲಿನ ಕಾರನ್ನು ಗುರುತಿಸಬಹುದಾದ ಚಿತ್ರ ಈಗ ಅಂಗಡಿಯ ಸರಕು. ಆದರೆ ಅಂಗಡಿಯಲ್ಲಿರುವುದೆಲ್ಲ ಎಲ್ಲರಿಗೂ ಸಿಗುತ್ತದೆ ಎಂದೇನೂ ಇಲ್ಲ. 2001ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನದ ಮೇಲೆ ಯುದ್ಧ ಆರಂಭವಾದಾಗ ಅಮೆರಿಕ ಸರ್ಕಾರ ಆ ದೇಶದ ಇಕೊನೋಸ್ ಚಿತ್ರಗಳ ಪೂರ್ಣ ಹಕ್ಕನ್ನು ತಿಂಗಳಿಗೆ ಇಷ್ಟೆಂದು ಹಣ ಕೊಟ್ಟು ಕೊಂಡುಕೊಂಡಿತು. ಪತ್ರಿಕೆಯವರಿಗಾಗಲಿ ಬೇರೆ ದೇಶದವರಿಗಾಗಲಿ ಆ ಅವಧಿಯಲ್ಲಿ ಅವು ಸಿಗಲಿಲ್ಲ. ಹಣವು ಬಾಗಿಲನ್ನು ತೆರೆಯುವಂತೆ ಮುಚ್ಚಲೂ ಬಲ್ಲದು.

ಒಂದು ದೊಡ್ಡದರ ಬದಲು ಹಲವು ಸಣ್ಣವು

ಚಿತ್ರ ಎಷ್ಟೇ ಸ್ಪಷ್ಟವಿದ್ದರೂ ಒಂದು ತೊಂದರೆ ಉಳಿದಿತ್ತು. ಐಆರ್‌ಎಸ್-1ಎ ಒಮ್ಮೆ ನಮ್ಮ ಊರಿನ ಮೇಲೆ ಹಾದುಹೋದರೆ ಅದೇ ಜಾಗಕ್ಕೆ ಮತ್ತೆ ಬರುತ್ತಿದ್ದದ್ದು 22 ದಿನಗಳ ನಂತರ. ಅಂದು ಮೋಡ ಕವಿದಿದ್ದರೆ ಇನ್ನೂ 22 ದಿನ ಕಾಯಬೇಕು. ಬೆಳೆಗೆ ರೋಗ ಬಂದರೆ, ಕೆರೆ ಕೋಡಿ ಒಡೆದರೆ ಅಷ್ಟು ದಿನ ಕಾಯಲು ಆಗುತ್ತದೆಯೇ? 1991ರಲ್ಲಿ ಐಆರ್‌ಎಸ್-1ಬಿ ಜೊತೆಗೂಡಿದಾಗ ಈ ಅವಧಿ 11 ದಿನಕ್ಕೆ ಇಳಿಯಿತು. ಉತ್ತರ ಅದರಲ್ಲೇ ಇತ್ತು: ಒಂದೇ ಕಣ್ಣಿನ ಬದಲು ಹಲವು ಕಣ್ಣುಗಳನ್ನು ಒಂದರ ಹಿಂದೆ ಒಂದರಂತೆ ಕಕ್ಷೆಯಲ್ಲಿ ಬಿಡುವುದು. ಇದನ್ನೇ ಉಪಗ್ರಹಪುಂಜ ಎನ್ನುತ್ತಾರೆ. ಉರ್ದು ತರಗತಿಯಲ್ಲಿ ನಾನು ಇದನ್ನು ಮಸ್ನೂಈ ಸಯ್ಯಾರೋಂ ಕಾ ಝುರ್ಮಟ್ ಎಂದು ಹೇಳಿಕೊಡುತ್ತೇನೆ.

ಈ ತತ್ವ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1976ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಗೌರಿಬಿದನೂರಿನ ಬಳಿ ರೇಡಿಯೋ ದೂರದರ್ಶಕವೊಂದನ್ನು ಸ್ಥಾಪಿಸಿದವು. ಅದರಲ್ಲಿ ದೊಡ್ಡ ಬಟ್ಟಲಿನಂತಹ ಆಂಟೆನಾ ಇರಲಿಲ್ಲ. ಸರಳವಾದ ಒಂದು ಸಾವಿರ ಆಂಟೆನಾಗಳನ್ನು ಹೊಲಗಳ ನಡುವೆ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟಿದ್ದರು. ಪೂರ್ವ-ಪಶ್ಚಿಮದ ಸಾಲು ಸುಮಾರು 1.4 ಕಿಲೋಮೀಟರ್ ಉದ್ದ. ಒಂದೊಂದೂ ಅಲ್ಪ, ಕೂಡಿದಾಗ ಒಂದು ದೊಡ್ಡ ಕಿವಿ. ಹನಿಗೂಡಿ ಹಳ್ಳ, ತೆನೆಗೂಡಿ ರಾಶಿ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ಸಣ್ಣ ಉಪಗ್ರಹಗಳ ಪ್ರಯೋಗದಲ್ಲಿ ಮುಂದಾದದ್ದು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯ. ಮಾರ್ಟಿನ್ ಸ್ವೀಟಿಂಗ್ ಮತ್ತು ಅವರ ತಂಡ ಅಲ್ಲಿ ಕಟ್ಟಿದ ಯೂಓಸ್ಯಾಟ್-1 ಎಂಬ ಸಣ್ಣ ಉಪಗ್ರಹ 1981ರಲ್ಲಿ ಹಾರಿತು. ಮುಂದೆ ಈ ತಂಡ ಹೊಸದೊಂದು ಯೋಜನೆ ಹಾಕಿತು. ದೊಡ್ಡ ಉಪಗ್ರಹ ಕೊಳ್ಳಲಾಗದ ದೇಶಗಳು ತಲಾ ಒಂದು ಸಣ್ಣದನ್ನು ಕೊಂಡು, ಎಲ್ಲರೂ ಸೇರಿ ಪುಂಜ ಮಾಡಿಕೊಂಡು, ವಿಪತ್ತಿನ ಸಮಯದಲ್ಲಿ ಚಿತ್ರಗಳನ್ನು ಹಂಚಿಕೊಳ್ಳುವುದು. 2002ರ ನವೆಂಬರ್‌ನಲ್ಲಿ ಅಲ್ಜೀರಿಯಾದ ಆಲ್‌ಸ್ಯಾಟ್-1 ಹೋಯಿತು. 2003ರ ಸೆಪ್ಟೆಂಬರ್‌ನಲ್ಲಿ ತುರ್ಕಿ, ನೈಜೀರಿಯಾ, ಬ್ರಿಟನ್‌ಗಳ ಉಪಗ್ರಹಗಳು ಸೇರಿಕೊಂಡವು. ಚುಕ್ಕೆ 32 ಮೀಟರ್, ಸುಮಾರು ಹತ್ತು ಗುಂಟೆ. ಆದರೆ ಒಂದೇ ನೋಟಕ್ಕೆ 600 ಕಿಲೋಮೀಟರ್ ಅಗಲ. 2005ರಲ್ಲಿ ಕತ್ರಿನಾ ಚಂಡಮಾರುತ ಅಮೆರಿಕವನ್ನು ಅಪ್ಪಳಿಸಿದಾಗ ಆ ಶ್ರೀಮಂತ ದೇಶಕ್ಕೆ ಚಿತ್ರ ಒದಗಿಸಿದವುಗಳಲ್ಲಿ ನೈಜೀರಿಯಾದ ಉಪಗ್ರಹವೂ ಒಂದು. ಈ ಸಂಗತಿಯನ್ನು ವಿದ್ಯಾರ್ಥಿಗಳು ಮರೆಯಬಾರದು.

1999ರಲ್ಲಿ ಅಮೆರಿಕದ ಇಬ್ಬರು ಅಧ್ಯಾಪಕರು, ಬಾಬ್ ಟ್ವಿಗ್ಸ್ ಮತ್ತು ಜೋರ್ಡಿ ಪ್ವಿಗ್-ಸುವಾರಿ, ತಮ್ಮ ವಿದ್ಯಾರ್ಥಿಗಳು ಕಾಲೇಜು ಮುಗಿಸುವಷ್ಟರಲ್ಲಿ ಕಟ್ಟಿ ಹಾರಿಸಬಹುದಾದ ಉಪಗ್ರಹದ ಅಳತೆಯೊಂದನ್ನು ನಿಗದಿ ಮಾಡಿದರು. ಉದ್ದ, ಅಗಲ, ಎತ್ತರ ಎಲ್ಲವೂ 10 ಸೆಂಟಿಮೀಟರ್. ಪುಟ್ಟ ಗೊಂಬೆಗಳನ್ನು ಇಟ್ಟು ಮಾರುವ ಪ್ಲಾಸ್ಟಿಕ್ ಡಬ್ಬಿಯನ್ನು ನೋಡಿ ಟ್ವಿಗ್ಸ್‌ಗೆ ಈ ಅಳತೆ ಹೊಳೆಯಿತಂತೆ. ಕ್ಯೂಬ್‌ಸ್ಯಾಟ್ ಎಂದು ಅದರ ಹೆಸರು. ಪಾಠಕ್ಕೆಂದು ಮಾಡಿದ ಈ ಅಳತೆ ಮುಂದೆ ಒಂದು ಉದ್ಯಮಕ್ಕೇ ತಳಹದಿಯಾಯಿತು.

ನಮ್ಮ ಭಾಗದ ವಿದ್ಯಾರ್ಥಿಗಳೂ ಹಿಂದೆ ಬೀಳಲಿಲ್ಲ. ಕರ್ನಾಟಕ ಮತ್ತು ಆಂಧ್ರದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ, ಒಂದು ಕಿಲೋಗೂ ಕಡಿಮೆ ತೂಕದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಹಾರಿತು. ಆ ತಂಡದ ಮುಂದಾಳು ಕಾಲೇಜು ಇರುವುದು ಯಲಹಂಕದಲ್ಲಿ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಸಿಗುವ ಊರು ಅದು.

ಅದೇ 2010ರಲ್ಲಿ ನಾಸಾ ಬಿಟ್ಟು ಬಂದ ಮೂವರು ಯುವ ವಿಜ್ಞಾನಿಗಳು ಅಮೆರಿಕದಲ್ಲಿ ಪ್ಲಾನೆಟ್ ಲ್ಯಾಬ್ಸ್ ಕಂಪನಿಯನ್ನು ಆರಂಭಿಸಿದರು. ಮೂರು ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟಷ್ಟೇ ಗಾತ್ರದ, ಸುಮಾರು 5 ಕಿಲೋ ತೂಕದ ಉಪಗ್ರಹಕ್ಕೆ ಪಾರಿವಾಳ ಎಂಬ ಅರ್ಥದ ಡವ್ ಎಂದು ಹೆಸರಿಟ್ಟರು. 2014ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ 28 ಪಾರಿವಾಳಗಳನ್ನು ಬಿಟ್ಟರು. ಅದೇ ವರ್ಷ ಅಕ್ಟೋಬರ್ 28ರಂದು ಇನ್ನೂ 26ನ್ನು ಹೊತ್ತ ರಾಕೆಟ್ ಮೇಲೇಳುತ್ತಿದ್ದಂತೆಯೇ ಸ್ಫೋಟಿಸಿತು. ದೊಡ್ಡ ಉಪಗ್ರಹವೊಂದಕ್ಕೆ ಹೀಗಾಗಿದ್ದರೆ ವರ್ಷಗಳ ಶ್ರಮವೇ ಮಣ್ಣುಪಾಲು. ಇವರು ಮತ್ತಷ್ಟು ಪಾರಿವಾಳಗಳನ್ನು ಕಟ್ಟಿ ಮುಂದುವರಿದರು. ಸಣ್ಣದರ ಬಲ ಇರುವುದು ಇಲ್ಲಿಯೇ.

2017ರ ಫೆಬ್ರವರಿ 15ರಂದು ನಮ್ಮ ಪಿಎಸ್‌ಎಲ್‌ವಿ-ಸಿ37 ಒಂದೇ ಉಡಾವಣೆಯಲ್ಲಿ 104 ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿದ ಸುದ್ದಿ ಎಲ್ಲರಿಗೂ ನೆನಪಿರಬಹುದು. ಆ 104ರಲ್ಲಿ 88 ಈ ಪಾರಿವಾಳಗಳೇ. ಅದೇ ವರ್ಷಾಂತ್ಯಕ್ಕೆ ಭೂಮಿಯ ನೆಲಭಾಗವನ್ನೆಲ್ಲ ದಿನಕ್ಕೊಮ್ಮೆ ಚಿತ್ರಿಸುವ ಗುರಿಯನ್ನು ಕಂಪನಿ ತಲುಪಿತು. ಭಾರತದ ರಾಕೆಟ್ ಹೊತ್ತೊಯ್ದಿತು, ಚಿತ್ರ ಮಾರಿದ್ದು ಅಮೆರಿಕದ ಕಂಪನಿ. ಹಾಗಾದರೆ ನಮ್ಮವರು ಬರೀ ಹಮಾಲಿ ಮಾಡಬೇಕೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಆಲ್ದೂರಿನ ಯುವಕ

ಉತ್ತರ ಬಂದದ್ದು ಚಿಕ್ಕಮಗಳೂರು ಜಿಲ್ಲೆಯ ಕಾಫಿ ನಾಡಿನಿಂದ. ಆಲ್ದೂರಿನ ಅವೈಸ್ ಅಹ್ಮದ್ ಪಿಲಾನಿಯ ಬಿಟ್ಸ್ ಸಂಸ್ಥೆಯಲ್ಲಿ ಓದುತ್ತಿದ್ದಾಗ, ಸಹಪಾಠಿ ಕ್ಷಿತಿಜ್ ಖಂಡೇಲ್‌ವಾಲ್ ಜೊತೆ ಕೃತಕ ಬುದ್ಧಿಮತ್ತೆಯ ಸ್ಪರ್ಧೆಯೊಂದಕ್ಕಾಗಿ ಉಪಗ್ರಹ ಚಿತ್ರಗಳನ್ನು ಬಳಸಲು ಹೊರಟರು. ಸಿಗುವ ಚಿತ್ರಗಳಲ್ಲಿ ತಮಗೆ ಬೇಕಾದ ವಿವರವೇ ಇಲ್ಲವೆಂದು ಅವರಿಗೆ ಕಂಡುಬಂತು. ಇಲ್ಲದಿದ್ದರೆ ನಾವೇ ಏಕೆ ಕಟ್ಟಬಾರದು ಎಂದು 2019ರಲ್ಲಿ, ಇನ್ನೂ ವಿದ್ಯಾರ್ಥಿಗಳಾಗಿರುವಾಗಲೇ, ಪಿಕ್ಸೆಲ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಬೆಂಗಳೂರೇ ಅದರ ನೆಲೆಯಾಯಿತು.

ಅವರ ಉಪಗ್ರಹದ ವಿಶೇಷವೇನು? ಸಾಧಾರಣ ಉಪಗ್ರಹ ಬೆಳಕನ್ನು ಕೆಂಪು, ಹಸಿರು, ನೀಲಿ, ಅವಕೆಂಪು ಎಂದು ನಾಲ್ಕಾರು ಪಟ್ಟಿಗಳಾಗಿ ವಿಂಗಡಿಸಿ ನೋಡುತ್ತದೆ. ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಅದೇ ಬೆಳಕನ್ನು ನೂರಾರು ಸಣ್ಣ ಪಟ್ಟಿಗಳಾಗಿ ಬಿಡಿಸುತ್ತದೆ. ಬರಿಗಣ್ಣಿಗೆ ಎರಡು ಗಿಡಗಳೂ ಒಂದೇ ಹಸಿರು. ಆದರೆ ನೀರಿನ ಕೊರತೆಯ ಎಲೆಗೂ ಆರೋಗ್ಯವಂತ ಎಲೆಗೂ ಆ ಸಣ್ಣ ಪಟ್ಟಿಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ. ಅರ್ಧ ಶತಮಾನದ ಹಿಂದೆ ಪಿಷಾರಟಿಯವರು ತೆಂಗಿನ ಮರಗಳಲ್ಲಿ ಹುಡುಕಿದ್ದೂ ಇಂತಹ ವ್ಯತ್ಯಾಸವನ್ನೇ.

ದಾರಿ ಸುಗಮವಾಗಿರಲಿಲ್ಲ. 2021ರ ಫೆಬ್ರವರಿಯಲ್ಲಿ ಹಾರಬೇಕಿದ್ದ ಅವರ ಮೊದಲ ಉಪಗ್ರಹ ಆನಂದ್, ಪರೀಕ್ಷೆಯ ವೇಳೆ ತಂತ್ರಾಂಶದ ದೋಷ ಕಂಡುಬಂದು ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಿತು. ಅದು ಸಿದ್ಧವಾಗುವ ಮೊದಲೇ ಎರಡನೆಯದಾದ ಶಕುಂತಲಾ 2022ರ ಏಪ್ರಿಲ್ 1ರಂದು ಅಮೆರಿಕದ ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಹೋಯಿತು. ಆನಂದ್ 2022ರ ನವೆಂಬರ್ 26ರಂದು ಪಿಎಸ್‌ಎಲ್‌ವಿಯಲ್ಲಿ ಹಾರಿತು. ಎರಡೂ 15 ಕಿಲೋ ಆಸುಪಾಸಿನ ಪ್ರಾಯೋಗಿಕ ಉಪಗ್ರಹಗಳು. 2023ರಲ್ಲಿ ಗೂಗಲ್ ಸೇರಿದಂತೆ ಹೂಡಿಕೆದಾರರು 3 ಕೋಟಿ 60 ಲಕ್ಷ ಡಾಲರ್ ಹೂಡಿದರು. 2025ರ ಜನವರಿಯಲ್ಲಿ ಮೂರು, ಆಗಸ್ಟ್‌ನಲ್ಲಿ ಮತ್ತೆ ಮೂರು, ಹೀಗೆ ಆರು ಫೈರ್‌ಫ್ಲೈ, ಅಂದರೆ ಮಿಂಚುಹುಳು ಉಪಗ್ರಹಗಳು ಕಕ್ಷೆ ಸೇರಿದವು. ಒಂದೊಂದರ ತೂಕ ಸುಮಾರು 50 ಕಿಲೋ. ಚುಕ್ಕೆ 5 ಮೀಟರ್, ಕಾಲು ಗುಂಟೆ.

ಸರ್ಕಾರ ಬಾಗಿಲು ತೆರೆಯದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. 2001ರ ನೀತಿಯ ಪ್ರಕಾರ 5.8 ಮೀಟರಿಗಿಂತ ಸೂಕ್ಷ್ಮವಾದ ಚಿತ್ರಗಳು ಎಲ್ಲರಿಗೂ ಮುಕ್ತವಾಗಿ ಸಿಗುತ್ತಿರಲಿಲ್ಲ. 2011ರಲ್ಲಿ ಆ ಮಿತಿ ಒಂದು ಮೀಟರಿಗೆ ಇಳಿಯಿತು. 2020ರಲ್ಲಿ ಖಾಸಗಿಯವರಿಗೆ ಅನುಮತಿ ಮತ್ತು ಉತ್ತೇಜನ ನೀಡಲು ಇನ್-ಸ್ಪೇಸ್ ಎಂಬ ಸಂಸ್ಥೆಯನ್ನು ಸರ್ಕಾರ ಘೋಷಿಸಿತು, 2023ರಲ್ಲಿ ಬಾಹ್ಯಾಕಾಶ ನೀತಿ ಬಂತು. 2025ರ ಆಗಸ್ಟ್‌ನಲ್ಲಿ ಪಿಕ್ಸೆಲ್ ಮುಂದಾಳತ್ವದ, ಪಿಯರ್‌ಸೈಟ್, ಸ್ಯಾಟ್‌ಶ್ಯೂರ್, ಧ್ರುವ ಸ್ಪೇಸ್ ಕಂಪನಿಗಳಿರುವ ಕೂಟವು ದೇಶಕ್ಕಾಗಿ 12 ಉಪಗ್ರಹಗಳ ಪುಂಜ ಕಟ್ಟಲು ಆಯ್ಕೆಯಾಯಿತು. ಐದು ವರ್ಷಗಳಲ್ಲಿ 1,200 ಕೋಟಿ ರೂಪಾಯಿಗೂ ಹೆಚ್ಚು ಹೂಡುವುದಾಗಿ ಅದು ಒಪ್ಪಿದೆ.

ನಮ್ಮ ನಾಲ್ಕು ಊರುಗಳಿಗೆ ಇದರಿಂದ ಏನು?

ಈಗ ಬೆಟ್ಟದ ಮೇಲಿನ ಆ ಹುಡುಗನ ಪ್ರಶ್ನೆಗೆ ಹಿಂದಿರುಗೋಣ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಕಂದವಾರ ಕೆರೆಯೂ ಸೇರಿದಂತೆ ನಮ್ಮ ಕೆರೆಗಳಿಗೆ ಹರಿದಿದೆ. ಯಾವ ಕೆರೆಗೆ ಎಷ್ಟು ನೀರು ಬಂತು, ಎಷ್ಟು ದಿನ ನಿಂತಿತು, ಯಾವ ಅಂಗಳ ಒತ್ತುವರಿಯಾಯಿತು, ಎಲ್ಲಿ ಪಾಚಿ ಕಟ್ಟಿತು ಎಂಬುದೆಲ್ಲ ಮೇಲಿನಿಂದ ಕಾಣುವ ಸಂಗತಿಗಳು.

ಇನ್ನೊಂದು ಮುಖವೂ ಇದೆ. ಚಿಂತಾಮಣಿ ಸುತ್ತ ಎಷ್ಟು ಎಕರೆ ಟೊಮೆಟೊ ನಾಟಿಯಾಗಿದೆ, ಶಿಡ್ಲಘಟ್ಟದ ಸುತ್ತ ಹಿಪ್ಪುನೇರಳೆ ತೋಟಗಳು ಎಷ್ಟು ಚಿಗುರಿವೆ, ಗೌರಿಬಿದನೂರಿನ ಮುಸುಕಿನ ಜೋಳ ಒಣಗುತ್ತಿದೆಯೇ ಎಂಬುದನ್ನು ಫಸಲು ಮಾರುಕಟ್ಟೆಗೆ ಬರುವ ಮೊದಲೇ ಅಂದಾಜು ಮಾಡಬಹುದು. ಇಂತಹ ಚಿತ್ರಗಳನ್ನು ಕೊಳ್ಳುವವರು ವಿಮಾ ಕಂಪನಿಗಳು, ಬ್ಯಾಂಕುಗಳು, ದೊಡ್ಡ ವ್ಯಾಪಾರಿಗಳು, ಸರ್ಕಾರಗಳು. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವಾಗ ಒಬ್ಬನಿಗೆ ಮುಂದಿನ ವಾರ ಎಷ್ಟು ಗೂಡು ಬರುತ್ತದೆಂದು ತಿಳಿದಿದ್ದು, ಇನ್ನೊಬ್ಬನಿಗೆ ತಿಳಿಯದಿದ್ದರೆ ಲಾಭ ಯಾರಿಗೆ ಎಂದು ರೇಷ್ಮೆ ಮನೆತನದ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಶತಮಾನದ ಹಿಂದೆ ಮೆಕೆಂಝಿಯ ನಕ್ಷೆ ರೈತನಿಗೆ ಸಿಗಲಿಲ್ಲ. ಇಂದಿನ ಚಿತ್ರವೂ ಹಾಗೆಯೇ ಆಗಬೇಕೇ?

ಆಗಬೇಕಾಗಿಲ್ಲ. ಏಕೆಂದರೆ ಮುಚ್ಚಿದ ಬಾಗಿಲು ತೆರೆದ ಉದಾಹರಣೆಯೂ ಈ ಇತಿಹಾಸದಲ್ಲಿದೆ. 2008ರಲ್ಲಿ ಅಮೆರಿಕ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನೆಲ್ಲ ಉಚಿತಗೊಳಿಸಿತು. ದಿನಕ್ಕೆ ಸುಮಾರು 50 ಮಾರಾಟವಾಗುತ್ತಿದ್ದ ಚಿತ್ರಗಳು ಆಮೇಲೆ ಸಾವಿರಾರು ಸಂಖ್ಯೆಯಲ್ಲಿ ಬಳಕೆಯಾದವು. 2015ರಿಂದ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಚಿತ್ರ ಕೊಡುತ್ತಿವೆ. ಅವುಗಳ ಚುಕ್ಕೆ 10 ಮೀಟರ್, ಹೆಚ್ಚು ಕಡಿಮೆ ಸರಿಯಾಗಿ ಒಂದು ಗುಂಟೆ. ಅವೂ ಉಚಿತ. ಇಸ್ರೋದ ಭುವನ್ ತಾಣ 2009ರಿಂದ ಇದೆ. ನಮ್ಮ ರಾಜ್ಯದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರನ್ನೇ ನೋಡಬಹುದು. ಕಾಲು ಗುಂಟೆಯ ಚಿತ್ರಕ್ಕೆ ಹಣ ಬೇಕು, ಒಂದು ಗುಂಟೆಯ ಚಿತ್ರಕ್ಕೆ ಬೇಕಾಗಿಲ್ಲ. ಬೇಕಾಗಿರುವುದು ಅದನ್ನು ಓದಬಲ್ಲ ಕಣ್ಣು.

ನನ್ನ ತರಗತಿಯಲ್ಲಿ ಒಮ್ಮೆ ಕಂದವಾರ ಕೆರೆಯ ಎರಡು ಉಚಿತ ಚಿತ್ರಗಳನ್ನು ತೋರಿಸಿದೆ. ಒಂದು ನೀರು ಬರುವ ಮೊದಲಿನದು, ಇನ್ನೊಂದು ಬಂದ ಮೇಲಿನದು. ಚೌಕಳಿ ಹಾಳೆಯ ಮೇಲೆ ಚುಕ್ಕೆಗಳನ್ನು ಎಣಿಸಿ ನೀರಿನ ವಿಸ್ತಾರವನ್ನು ಗುಂಟೆಯಲ್ಲಿ ಲೆಕ್ಕ ಹಾಕಿದವರು ಒಂಬತ್ತನೇ ತರಗತಿಯ ಹುಡುಗಿಯರು. ಅವರಲ್ಲಿ ಕೆಲವರು ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ರೀಲಿಂಗ್ ಕೆಲಸಕ್ಕೆ ಕೂರುವವರು. ಲೆಕ್ಕ ಮುಗಿದಾಗ ಒಬ್ಬಳು, "ನಮ್ಮೂರ ಕೆರೆಯದೂ ಮಾಡೋಣ ಸರ್" ಎಂದಳು.

ಆದ್ದರಿಂದ ಸಂಘದ ಹಿರಿಯರಲ್ಲಿ ನನ್ನ ಮನವಿ ಇಷ್ಟೇ. ನಾಲ್ಕೂ ಊರುಗಳ ನಮ್ಮ ಶಾಲೆಗಳು ತಲಾ ಒಂದು ಕೆರೆಯನ್ನು ಆರಿಸಿಕೊಳ್ಳಲಿ. ಪ್ರತಿ ವರ್ಷ ಮಳೆಗಾಲದ ಮೊದಲು ಒಂದು, ನಂತರ ಒಂದು ಚಿತ್ರ ಇಳಿಸಿಕೊಂಡು, ಗುಂಟೆಯಲ್ಲಿ ಅಳೆದು, ತಂದೆ-ತಾಯಂದಿರಿಗೂ ಗ್ರಾಮ ಪಂಚಾಯಿತಿಗೂ ತೋರಿಸಲಿ. ಅದಕ್ಕೆ ಬೇಕಾಗುವುದು ಒಂದು ಕಂಪ್ಯೂಟರ್, ಇಂಟರ್‌ನೆಟ್ ಮತ್ತು ಗಣಿತ-ಭೂಗೋಳ ಎರಡನ್ನೂ ಜೊತೆಗೆ ಕಲಿಸುವ ಮನಸ್ಸು. ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಆ ನಾಲ್ಕು ಕೆರೆಗಳ ಲೆಕ್ಕವನ್ನು ವಿದ್ಯಾರ್ಥಿಗಳೇ ಬರೆದು ಪ್ರಕಟಿಸುವಂತಾಗಲಿ. ಆಲ್ದೂರಿನಿಂದ ಉಪಗ್ರಹ ಕಟ್ಟುವವರು ಬಂದರು. ನಮ್ಮ ಊರುಗಳಿಂದ ಅದರ ಚಿತ್ರ ಓದುವವರಾದರೂ ಬರಲಿ.